ದೊಡ್ಡ ಸ್ಪೀಕರ್ ಬೇಡ, ಮೊದಲು ಫ್ಯಾನ್ ನಿಲ್ಲಿಸು

ಪುಟ್ಟಾ, ನಿನ್ನ ವಾಯ್ಸ್ ಮೆಸೇಜ್ ಬೆಳಿಗ್ಗೆಯೇ ಬಂತು. ಎರಡು ಸಲ ಹಾಕಿ ಕೇಳಿದೆ. ಹಿಂದೆ ಮಿಕ್ಸಿ ಸದ್ದು ಬೇರೆ, ಅರ್ಧಕ್ಕರ್ಧ ತಿಳಿಯಲಿಲ್ಲ. ಆಮೇಲೆ ಮೊಮ್ಮಗಳು ಎದುರಿಗೆ ಕೂತು ಬಿಡಿಸಿ ಹೇಳಿದಳು. ನೀನು ಕೇಳಿದ್ದು ಇಷ್ಟು ತಾನೇ? ಅಪ್ಪನಿಗೆ ಎರಡೂ ಕಿವಿಗೆ ಮೆಷಿನ್ ಹಾಕಿಸಿ ಒಂದು ತಿಂಗಳಾಯಿತು. ಮಾತು ಪರವಾಗಿಲ್ಲ. ಆದರೆ ಹಾಡು ಹಾಕಿದರೆ ಎದ್ದು ಹೋಗುತ್ತಾರೆ, ‘ತಗಡು ಬಡಿದ ಹಾಗಿದೆ, ತಂಬೂರಿ ತೇಲಾಡುತ್ತೆ’ ಅನ್ನುತ್ತಾರೆ. ಎಪ್ಪತ್ತನೇ ಹುಟ್ಟುಹಬ್ಬಕ್ಕೆ ದೊಡ್ಡ ಸ್ಪೀಕರ್ ಸೆಟ್ ತಂದುಬಿಡೋಣವಾ ಅಂತ.

ತರಬೇಡ. ಮೊದಲೇ ಹೇಳಿಬಿಟ್ಟೆ, ಇನ್ನು ಯಾಕೆ ಅಂತ ಹೇಳುತ್ತೇನೆ. ಫೋನಿಗೆ ಹೇಳಿ ಹೇಳಿ ಬರೆಸುತ್ತಿದ್ದೇನೆ, ಉದ್ದ ಆಗುತ್ತದೆ. ಅಕ್ಷರ ತಪ್ಪಿದ್ದರೆ ಫೋನನ್ನು ಬೈಯಿ, ನನ್ನನ್ನಲ್ಲ.

ನನ್ನ ಕಿವಿ ಕೈಕೊಟ್ಟು ಎಂಟು ವರ್ಷವಾಯಿತು. ಪರೀಕ್ಷೆ ಮಾಡಿದಾಗ ಒಂದು ಗೀಟಿನ ಕಾಗದ ಕೊಡುತ್ತಾರಲ್ಲ, ಆಡಿಯೋಗ್ರಾಂ, ಅದು ಅಣ್ಣನದೂ, ಅಂದರೆ ನಿಮ್ಮಪ್ಪನದೂ, ಇರುತ್ತದೆ. ತೆಗೆದು ನೋಡು. ಎಡಗಡೆ 250 ಹರ್ಟ್ಸ್, ಅಂದರೆ ತಗ್ಗಿನ ಸ್ವರಗಳು. ಬಲಗಡೆ 8000, ಅಂದರೆ ಕೀಚು ಸದ್ದುಗಳು. ವಯಸ್ಸಿಗೆ ಕಿವಿ ಮಂದವಾದವರಲ್ಲಿ ಆ ಗೀಟು ಎಡಗಡೆ ಮೇಲಿದ್ದು ಬಲಕ್ಕೆ ಹೋಗುತ್ತಾ ಜಾರುಬಂಡೆಯ ಹಾಗೆ ಇಳಿಯುತ್ತದೆ. ನನ್ನದು 500ರಲ್ಲಿ 25 ಡೆಸಿಬೆಲ್, 4000ಕ್ಕೆ ಬಂದರೆ 65, ಅಂದರೆ ಅಷ್ಟು ಜೋರಾದರೆ ಮಾತ್ರ ಆ ಸದ್ದು ಕೇಳಿಸುತ್ತದೆ. ಒಳಗಿವಿಯಲ್ಲಿ ಸಣ್ಣ ಸಣ್ಣ ಕೂದಲಿನಂಥ ಜೀವಕೋಶಗಳಿವೆ. ಬಾಗಿಲ ಹತ್ತಿರ ಇರುವವು ಏರು ಸ್ವರಕ್ಕೆ, ಒಳಮೂಲೆಯಲ್ಲಿರುವವು ತಗ್ಗು ಸ್ವರಕ್ಕೆ. ಮೊದಲು ಸವೆಯುವುದು ಬಾಗಿಲ ಹತ್ತಿರದವು. ಸವೆದದ್ದು ಮತ್ತೆ ಹುಟ್ಟುವುದಿಲ್ಲ. ಅಷ್ಟೇ ಕತೆ.

ಹಾಗಾದರೆ ಜೋರು ಮಾಡಿದರೆ ಆಯಿತಲ್ಲ ಅನ್ನುತ್ತೀಯ. ಅಲ್ಲೇ ತೊಂದರೆ. ಇಂಥ ಕಿವಿಗೆ ಸಣ್ಣ ಸದ್ದು ಕೇಳಿಸುವುದೇ ಇಲ್ಲ, ಆದರೆ ದೊಡ್ಡ ಸದ್ದು ನಿನಗೆ ಎಷ್ಟು ದೊಡ್ಡದೋ ನಮಗೂ ಅಷ್ಟೇ ದೊಡ್ಡದು. ನಡುವಿನ ಜಾಗ ಕಿರಿದಾಗಿದೆ. ಅದಕ್ಕೇ ನಿಮ್ಮಪ್ಪ ‘ಏನಂದೆ, ಏನಂದೆ’ ಅನ್ನುವುದು, ನೀನು ದನಿ ಏರಿಸಿದ ಕೂಡಲೇ ‘ಯಾಕೆ ಕಿರುಚ್ತೀಯಾ’ ಅಂತ ರೇಗುವುದು. ಅದು ಹಟ ಅಲ್ಲ ಮಾರಾಯ, ಕಿವಿಯೇ ಹಾಗೆ ಆಗಿರುವುದು. ನೀನು ದೊಡ್ಡ ಸ್ಪೀಕರ್ ತಂದು ಗುಡುಗಿಸಿದರೆ ಚೆನ್ನಾಗಿರುವ ತಗ್ಗು ಸ್ವರಗಳೆಲ್ಲ ಉಬ್ಬಿ ಮೇಲಿನದನ್ನು ಮುಚ್ಚಿಹಾಕುತ್ತವೆ. ಜೊತೆಗೆ ಉಳಿದ ಕಿವಿಗೂ ಏಟು.

ಇನ್ನು ಆ ತೇಲಾಡುವ ತಂಬೂರಿ. ಇದಕ್ಕೆ ನಾನು ಒಂದು ವರ್ಷ ದಂಡ ಕಟ್ಟಿದ್ದೇನೆ. ನನಗೆ ಮೆಷಿನ್ ಮಾರಿದ ಅಂಗಡಿಯವರು ‘ಒಂದು, ಎರಡು, ಮೂರು ಕೇಳಿಸ್ತಾ ಅಮ್ಮ? ಊಟ ಆಯ್ತಾ ಅಮ್ಮ?’ ಅಂತ ಕೇಳಿ ಕಳಿಸಿದರು. ಹಾಡಿನ ವಿಷಯ ಎತ್ತಿದರೆ ‘ಹಾಡೆಲ್ಲ ಇನ್ಮೇಲೆ ಹೀಗೇ, ಅಭ್ಯಾಸ ಮಾಡ್ಕೊಳ್ಳಿ’ ಅಂದರು. ನಂಬಿ ಸುಮ್ನೆ ಕೂತೆ. ಅಷ್ಟು ದಿನ ಮನೆಯಲ್ಲಿ ಹಾಡೇ ಇರಲಿಲ್ಲ. ಆಮೇಲೆ ಬೇರೆ ಕಡೆ ತೋರಿಸಿದಾಗ ಒಬ್ಬ ಹುಡುಗಿ, ಆಡಿಯಾಲಜಿ ಓದಿದವಳು, ಕಾಲು ಗಂಟೆಯಲ್ಲಿ ಬಿಡಿಸಿ ಹೇಳಿದಳು.

ಮೆಷಿನ್ ಮಾಡಿರುವುದು ಮಾತಿಗೆ. ಮಾತು ಅಂದರೆ ನಿಂತು ನಿಂತು ಬರುವ ಸದ್ದು. ಒಂದೇ ಸಮನೆ ಬರುವ ಸದ್ದೆಲ್ಲ ಅದರ ಲೆಕ್ಕದಲ್ಲಿ ಗಲಾಟೆ. ಫ್ಯಾನಿನ ಗುಂಯ್ ಅನ್ನುವುದೂ ತಂಬೂರಿಯ ಝೇಂಕಾರವೂ ಅದಕ್ಕೆ ಒಂದೇ. ಹಾಗಾಗಿ ತಂಬೂರಿಯನ್ನು ಅದುಮುತ್ತದೆ, ಗಾಯಕರು ಹಾಡಿದಾಗ ಬಿಡುತ್ತದೆ, ನಿಲ್ಲಿಸಿದಾಗ ಮತ್ತೆ ಅದುಮುತ್ತದೆ. ಅದೇ ತೇಲಾಟ. ಕೊಳಲು ಕೇಳಿಸಿ ನೋಡು, ಇನ್ನೂ ತಮಾಷೆ. ಮೆಷಿನ್ ಕೆಲವು ಸಲ ‘ಕುಂಯ್’ ಅಂತ ತಾನೇ ಸಿಳ್ಳೆ ಹಾಕುತ್ತದಲ್ಲ, ಅದನ್ನು ತಡೆಯಲು ಒಳಗೆ ಒಂದು ಏರ್ಪಾಡು ಇರುತ್ತದೆ. ಅದು ಕೊಳಲಿನ ಉದ್ದ ಸ್ವರವನ್ನು ತನ್ನದೇ ಸಿಳ್ಳೆ ಅಂದುಕೊಂಡು ಕತ್ತರಿಸಲು ಹೋಗುತ್ತದೆ. ಸ್ವರ ನಡುಗುತ್ತದೆ. ಆ ಒಂದು ವರ್ಷ ಕೊಳಲಿನವರಿಗೆಲ್ಲ ಉಸಿರು ಕಡಿಮೆಯಾಗಿದೆ ಅಂತ ನಾನು ತಿಳಿದಿದ್ದೆ!

ಆದ್ದರಿಂದ ಸ್ಪೀಕರಿನ ದುಡ್ಡು ಇಟ್ಟುಕೋ, ಅಣ್ಣನನ್ನು ಕರೆದುಕೊಂಡು ಮೆಷಿನ್ ಹಾಕಿದವರ ಹತ್ತಿರ ಹೋಗು. ‘ಹಾಡಿಗೆ ಬೇರೆ ಪ್ರೋಗ್ರಾಂ ಹಾಕಿಕೊಡಿ’ ಅಂತ ಕೇಳು. ಅದರಲ್ಲಿ ನಾಯ್ಸ್ ರಿಡಕ್ಷನ್, ಅಂದರೆ ಆ ಗಲಾಟೆ ಅದುಮುವುದು, ನಿಲ್ಲಿಸಬೇಕು. ಫೀಡ್‌ಬ್ಯಾಕ್ ಕ್ಯಾನ್ಸಲ್, ಅಂದರೆ ಆ ಸಿಳ್ಳೆ ತಡೆಯುವ ಏರ್ಪಾಡು, ಅದನ್ನೂ ನಿಲ್ಲಿಸಬೇಕು, ಇಲ್ಲವೇ ಆದಷ್ಟು ಸಡಿಲ ಮಾಡಬೇಕು. ಫ್ರೀಕ್ವೆನ್ಸಿ ಲೋವರಿಂಗ್ ಅಂತ ಇನ್ನೊಂದಿದೆ, ಕೇಳಿಸದ ಏರು ಸದ್ದನ್ನು ಕೆಳಗಿಳಿಸಿ ಕೇಳಿಸುವುದು. ಮಾತಿನಲ್ಲಿ ‘ಸ’, ‘ಶ’ ಹಿಡಿಯಲು ಒಳ್ಳೆಯದೇ. ಹಾಡಿಗೆ ಮಾತ್ರ ಅದು ಅಪಸ್ವರದ ಕಾರ್ಖಾನೆ. ಅದು ಬೇಡವೇ ಬೇಡ ಅನ್ನು. ಮುಖ್ಯವಾಗಿ ಅಣ್ಣನಿಗೆ ಬಾಯಿಪಾಠವಾಗಿರುವ ಒಂದು ಹಾಡನ್ನು ಫೋನಿನಲ್ಲಿ ಒಯ್ಯಿ, ಅಲ್ಲೇ ಹಾಕಿ ಕೇಳಿಸಿ ತಿದ್ದಿಸು. ‘ಊಟ ಆಯ್ತಾ’ ಅಂತ ಕೇಳಿ ಕಳಿಸಿದರೆ ಎದ್ದು ಬರಬೇಡ. ಅಲ್ಲಿ ಆಗಲಿಲ್ಲ ಅಂದರೆ ಇಲ್ಲಿಗೇ ಕರೆದುಕೊಂಡು ಬಾ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ, ಮಾನಸಗಂಗೋತ್ರಿಯಲ್ಲಿ. ನಮ್ಮ ಮನೆಯಲ್ಲಿ ಎರಡು ದಿನ ಇದ್ದ ಹಾಗೂ ಆಯಿತು.

ಬ್ಲೂಟೂತ್‌ನಲ್ಲಿ ಹಾಡು ನೇರ ಕಿವಿಗೇ ಬರುತ್ತದಲ್ಲ ಅಂತ ನಿನ್ನ ತಂಗಿ ಕೇಳಿದ್ದಳು. ಬರುತ್ತದೆ, ಆದರೆ ಕಿವಿಯೊಳಗಿನ ರಬ್ಬರ್ ಟೋಪಿಗೆ ತೂತುಗಳಿದ್ದರೆ ತಗ್ಗಿನ ಸದ್ದೆಲ್ಲ ಆ ತೂತಿನಿಂದ ಸೋರಿಹೋಗುತ್ತದೆ. ತಬಲಾದ ಡಗ್ಗಾದ ತಗ್ಗು ಸದ್ದು ಹೊರಗೆ, ಚಾಟಿಯ ಏರು ಸದ್ದು ಒಳಗೆ. ತಗಡು ಬಡಿದ ಹಾಗೆ ಅನ್ನುವುದು ಅದೇ ಇರಬಹುದು. ಮುಚ್ಚಿದ ಟೋಪಿ ಹಾಕಿ ನೋಡಲು ಹೇಳು. ಆ ತುದಿಯಲ್ಲಿ ಗುಗ್ಗೆ ಕಟ್ಟಿದೆಯಾ ಅದನ್ನೂ ನೋಡು, ನಗಬೇಡ, ನನಗೆ ಒಮ್ಮೆ ಅಷ್ಟೇ ಆಗಿತ್ತು.

ಈಗ ಮನೆಯ ವಿಷಯ. ನಿಮ್ಮ ಹಾಲ್ ನನಗೆ ಗೊತ್ತು. ನೆಲ ಗ್ರಾನೈಟು, ಗೋಡೆ ಬೋಳು, ಟಿವಿ ಆ ಕಡೆ, ಅಣ್ಣನ ಕುರ್ಚಿ ಈ ಕಡೆ ಕಿಟಕಿ ಹತ್ತಿರ. ಹದಿನೈದು ಅಡಿ ಇರಬೇಕು. ಅಷ್ಟು ದೂರಕ್ಕೆ ಹಾಡಿಗಿಂತ ಗೋಡೆಗೆ ಬಡಿದು ಬಂದ ಪ್ರತಿಧ್ವನಿಯೇ ಜಾಸ್ತಿ. ನಿನ್ನ ಕಿವಿ ಅದನ್ನು ಬೇರೆ ಮಾಡಿಕೊಳ್ಳುತ್ತದೆ, ಅವನದು ಮಾಡಿಕೊಳ್ಳದು. ಇರುವ ಸಣ್ಣ ಸ್ಪೀಕರನ್ನೇ ಒಂದು ಸ್ಟೂಲಿನ ಮೇಲೆ, ಕಿವಿಯ ಎತ್ತರಕ್ಕೆ, ಮೂರು ಅಡಿ ದೂರದಲ್ಲಿ ಇಡು. ಕೆಳಗೆ ಜಮಖಾನ ಹಾಸು, ಕಿಟಕಿಗೆ ದಪ್ಪ ಪರದೆ ಎಳೆ. ದನಿ ಕಡಿಮೆಯೇ ಇರಲಿ. ಪಕ್ಕದಲ್ಲಿ ಕೂತವರು ಮಾತಾಡಲು ಗಂಟಲು ಏರಿಸಬೇಕಾಯಿತು ಅಂದರೆ ಜಾಸ್ತಿಯಾಯಿತು ಅಂತ ಲೆಕ್ಕ.

ಮತ್ತೆ ಫ್ಯಾನ್. ಹಾಡು ಕೇಳುವಾಗ ಫ್ಯಾನ್ ಆರಿಸು. ಸೆಕೆಯಾದರೆ ಆಗಲಿ, ಅರ್ಧ ಗಂಟೆ.

ಇದು ಬರೆಸುವಾಗ ನಿಮ್ಮ ಅಜ್ಜನ ನೆನಪಾಯಿತು. ಧಾರವಾಡದ ಮನೆಯಲ್ಲಿ ಗೂಡಿನೊಳಗೆ ರೇಡಿಯೋ ಇತ್ತು. ರಾತ್ರಿ ಆಕಾಶವಾಣಿಯಲ್ಲಿ ಸಂಗೀತ ಶುರುವಾದರೆ ಅಪ್ಪ ಎದ್ದು ಬಂದು ಮೊದಲು ಟೇಬಲ್ ಫ್ಯಾನ್ ಆರಿಸುತ್ತಿದ್ದರು. ಏಪ್ರಿಲ್ ತಿಂಗಳಾದರೂ ಅಷ್ಟೇ. ಆಮೇಲೆ ಗೂಡಿನ ಕೆಳಗೆ ಮಣೆ ಹಾಕಿಕೊಂಡು, ಬಲಗಿವಿ ರೇಡಿಯೋಗೆ ಕೊಟ್ಟು, ಕಣ್ಣು ಮುಚ್ಚಿ ಕೂರುವುದು. ನಾನೂ ಅಣ್ಣನೂ ಒಳಗೆ ಬೆವರುತ್ತಾ ‘ಕರೆಂಟ್ ಬಿಲ್ಲಿಗೆ ಜೀವ ಬಿಡ್ತಾರೆ’ ಅಂತ ಆಡಿಕೊಳ್ಳುತ್ತಿದ್ದೆವು. ಅವರ ಹಿಂದೆ ನಿಂತು ಅವರ ಹಾಗೇ ಕತ್ತು ಓರೆ ಮಾಡಿ ಅಣಕಿಸುವುದರಲ್ಲಿ ನಿಮ್ಮಪ್ಪ ನಿಸ್ಸೀಮ. ಅವರಿಗೆ ಆಗಲೇ ಎಡಗಿವಿ ಹೋಗಿತ್ತು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ. ಕರೆದರೆ ಓಗೊಡುವುದಿಲ್ಲ, ಬಹಳ ಗತ್ತು ಅಂದುಕೊಂಡೆವು. ಮೊದಲ ಸಲ ನಾನು ಕುರ್ಚಿ ಎಳೆದು ಸ್ಪೀಕರಿನ ಪಕ್ಕ ಕೂತು ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದೆನಲ್ಲ, ಆಗ ಗೊತ್ತಾಯಿತು.

ಆ ರೇಡಿಯೋ ಮೀಡಿಯಂ ವೇವ್. ಅದರಲ್ಲಿ ಸುಮಾರು 5000 ಹರ್ಟ್ಸ್‌ಗಿಂತ ಮೇಲಿನ ಸದ್ದು ಬರುತ್ತಲೇ ಇರಲಿಲ್ಲ. 78 ಸುತ್ತಿನ ಹಳೇ ಗ್ರಾಮಫೋನ್ ತಟ್ಟೆಗಳೂ ಹೆಚ್ಚುಕಮ್ಮಿ ಹಾಗೇ. 1925ಕ್ಕಿಂತ ಮುಂಚೆ, ಕೊಳವೆಯ ಬಾಯಿಗೆ ಹಾಡುತ್ತಿದ್ದ ಕಾಲದ ತಟ್ಟೆಗಳಲ್ಲಂತೂ ಇನ್ನೂ ಕಡಿಮೆ. ಈಗಿನ ಸಿಡಿಯಲ್ಲಿ 20,000ದವರೆಗೂ ಇರುತ್ತದೆ. ಇರಲಿ, ಯಾರಿಗೆ ಬೇಕು? ಹಳೇ ತಟ್ಟೆಯ ಹಾಡು ಹಾಕಿದರೆ ನಾನು ಕಳೆದುಕೊಂಡದ್ದು ಅದರಲ್ಲೂ ಇಲ್ಲ, ನಮ್ಮಿಬ್ಬರಿಗೂ ಸರಿಹೋಗಿದೆ. ಮೊಮ್ಮಗಳು ‘ಅಜ್ಜಿ, ಏನಿದು ಬರೀ ಜುಸ್ಸ್ ಅನ್ನುತ್ತೆ’ ಅಂತ ಮೂಗು ಮುರಿಯುತ್ತಾಳೆ. ಆ ಜುಸ್ಸ್ ಏರು ಸದ್ದು. ಮೆಷಿನ್ ತೆಗೆದಿಟ್ಟರೆ ನನಗದು ಕೇಳಿಸುವುದೇ ಇಲ್ಲ. ಹಾಡು ಮಾತ್ರ ಕೇಳಿಸುತ್ತದೆ. ಕಿವುಡಿನಿಂದ ಆದ ಲಾಭ ಇದೊಂದೇ, ಬಿಡುವುದು ಯಾಕೆ?

ಏನು ಕೇಳಿಸಬೇಕು ಅನ್ನುವುದೂ ಮುಖ್ಯ. ಗಂಡಸರು ಹಾಡುವ ಷಡ್ಜ, ಅಂದರೆ ಆಧಾರ ಸ್ವರ, ಸಾಮಾನ್ಯವಾಗಿ 130ರಿಂದ 150 ಹರ್ಟ್ಸ್ ಒಳಗೆ, ತಾರ ಷಡ್ಜ ಅದರ ಎರಡರಷ್ಟು. ಅಂದರೆ ರಾಗ ಪೂರ್ತಿ ನಮ್ಮ ಕಿವಿ ಗಟ್ಟಿ ಇರುವ ಜಾಗದಲ್ಲೇ ಓಡಾಡುತ್ತದೆ. ಮೇಲೆ ಹೋಗುವುದು ದನಿಯ ಹೊಳಪು, ತಂಬೂರಿಯ ಜೀವಾಳಿಯ ಝೇಂಕಾರ, ತಾಳದ ಕಿಣಿಕಿಣಿ, ಮತ್ತೆ ‘ಸ’, ‘ತ’, ‘ಕ’ ಅಂಥ ಅಕ್ಷರಗಳು. ಅದಕ್ಕೇ ಮಲ್ಲಿಕಾರ್ಜುನ ಮನ್ಸೂರರ ಆಲಾಪ ಇವತ್ತಿಗೂ ಚೆನ್ನಾಗಿ ಒಳಗಿಳಿಯುತ್ತದೆ, ವಾದ್ಯಗೋಷ್ಠಿ ತುಂಬಿರುವ ಭಾವಗೀತೆ ಕಲಸುಮೇಲೋಗರ. ಗಂಗೂಬಾಯಿ ಹಾನಗಲ್ಲರದ್ದು ಇನ್ನೂ ವಿಚಿತ್ರ. 1930ರ ದಶಕದ ತಟ್ಟೆಗಳಲ್ಲಿ ಅವರದು ತೆಳು ದನಿ. ಗಂಟಲಿನ ಚಿಕಿತ್ಸೆ ಆದ ಮೇಲೆ ಗಂಡುದನಿಯಷ್ಟು ತಗ್ಗಿತು. ಆಗ ಜನ ಅಯ್ಯೋ ಅಂದಿದ್ದರೋ ಏನೋ. ನನಗೆ ಬೇರೆ ಹೆಂಗಸರ ಗಾಯನ ಅಷ್ಟಿಷ್ಟು ಜಾರಿಹೋದರೂ ಗಂಗೂಬಾಯಿಯವರ ಆ ದಪ್ಪ ಷಡ್ಜ ಬಂದು ಎದುರಿಗೆ ಕೂರುತ್ತದೆ. ಅಣ್ಣನಿಗೆ ಮೊದಲು ಅದನ್ನು ಹಾಕು. ಹೊಸದು ಬೇಡ. ಗೊತ್ತಿರುವ ಹಾಡಿನಲ್ಲಿ ಕಿವಿ ಬಿಟ್ಟದ್ದನ್ನು ತಲೆ ತುಂಬಿಕೊಡುತ್ತದೆ, ಹೊಸದರಲ್ಲಿ ಆ ಸೌಲಭ್ಯ ಇಲ್ಲ.

ಭೀಮಸೇನರ ದಾಸರ ಪದಗಳಿಗೆ ನನ್ನದೊಂದು ಉಪಾಯ ಇದೆ. ಪದಗಳ ಪುಸ್ತಕ ತೊಡೆ ಮೇಲೆ ತೆರೆದಿಟ್ಟು ಬೆರಳಾಡಿಸುತ್ತಾ ಕೇಳುತ್ತೇನೆ. ಕಣ್ಣು ಅಕ್ಷರ ನೋಡಿದ ಕೂಡಲೇ ಕಿವಿಗೂ ಅದೇ ಅಕ್ಷರ ಕೇಳಿಸುತ್ತದೆ, ನಿಜವಾಗಿ! ಪುಸ್ತಕ ಮುಚ್ಚಿದರೆ ಮತ್ತೆ ಮಸುಕು. ಮೊಮ್ಮಗಳು ಇದನ್ನು ಸಬ್‌ಟೈಟಲ್ ಅನ್ನುತ್ತಾಳೆ.

ಇನ್ನೊಂದು ಮರೆತಿದ್ದೆ. ಅಣ್ಣನಿಗೆ ಒಂದು ಕಿವಿ ಇನ್ನೊಂದಕ್ಕಿಂತ ಮಂದ ಇದ್ದರೆ, ಹೆಡ್‌ಫೋನಿನಲ್ಲಿ ಕೇಳುವಾಗ ಆ ಕಡೆ ಬರುವ ವಾದ್ಯವೇ ಮಾಯವಾಗುತ್ತದೆ. ನನಗೆ ಒಂದು ಜುಗಲ್‌ಬಂದಿಯಲ್ಲಿ ಸಿತಾರ್ ಪೂರಾ ಕಾಣೆಯಾಗಿತ್ತು, ಪಿಟೀಲು ಒಂದೇ ಯಾರಿಗೋ ಕಾಯುತ್ತಿತ್ತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಮೋನೋ ಆಡಿಯೋ ಅಂತ ಇದೆ, ಅದನ್ನು ಒತ್ತು. ಎರಡೂ ಕಡೆಯದು ಎರಡೂ ಕಿವಿಗೆ ಬರುತ್ತದೆ. ಹೆಡ್‌ಫೋನ್ ತರುವುದಾದರೆ ಕಿವಿಯನ್ನೂ ಮೆಷಿನ್ನನ್ನೂ ಸೇರಿಸಿ ಮುಚ್ಚುವಷ್ಟು ದೊಡ್ಡ ಬಟ್ಟಲಿನದು ತಾ. ಅಂಗಡಿಯಲ್ಲೇ ಹಾಕಿ ನೋಡಬೇಕು, ಕೆಲವು ಕುಂಯ್ ಅನ್ನುತ್ತವೆ.

ಇಷ್ಟೆಲ್ಲ ಮಾಡಿದರೂ ಮೊದಲಿನ ಹಾಗೆ ಆಗುತ್ತದಾ ಅಂದರೆ, ಇಲ್ಲ. ಸಂತೂರ್ ನನಗೆ ಈಗಲೂ ಮರದ ತುಂಡು ಬಡಿದ ಹಾಗೇ. ಬಿಟ್ಟುಬಿಟ್ಟಿದ್ದೇನೆ. ಕೆಲವು ರಾತ್ರಿ ಎಷ್ಟು ತಿರುವಿದರೂ ಏನೂ ಹಿಡಿಸುವುದಿಲ್ಲ, ಆರಿಸಿ ಮಲಗುತ್ತೇನೆ. ಅಣ್ಣ ಎದ್ದು ಹೋದರೆ ಹೋಗಲಿ, ‘ಈಗ ಹೇಗಿದೆ, ಈಗ ಹೇಗಿದೆ’ ಅಂತ ಹಿಂದೆ ಬೀಳಬೇಡ. ವಾರಗಟ್ಟಲೆ ಹಿಡಿಯುತ್ತದೆ ಇದು.

ಮತ್ತೆ ಇದನ್ನು ಅವನಿಗೆ ನೀನು ಓದಿ ಹೇಳಬೇಡ. ಕೂಗಿ ಓದುತ್ತೀಯ, ಅವನು ರೇಗುತ್ತಾನೆ. ಫೋನನ್ನೇ ಕೈಗೆ ಕೊಡು. ಅಕ್ಷರ ದೊಡ್ಡದು ಮಾಡಿ ಕೊಡು. ನಮ್ಮಪ್ಪನ ಫ್ಯಾನಿನ ಜಾಗಕ್ಕೆ ಬಂದಾಗ ಏನಂದ ಅಂತ ನನಗೆ ತಿಳಿಸು, ವಾಯ್ಸ್ ಬೇಡ, ಬರೆದೇ ಕಳಿಸು.