ಪುಲ್ ರಿಕ್ವೆಸ್ಟ್ ಕಳಿಸಿ ತಿಂಗಳುಗಳಾದವು, ಯಾರೂ ನೋಡೇ ಇಲ್ಲ. ಏನು ಮಾಡುವುದು?

ಸಾಲುಕಂಬ:

ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಕೋಷ್ಟಕ) ಫೈಲ್ ಓದಲು ನಾನು ಬಳಸುವ ಒಂದು ಓಪನ್ ಸೋರ್ಸ್ ಲೈಬ್ರರಿ ಇದೆ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಿದ್ಧ ಕೋಡ್. ಪೂರ್ತಿ ಸ್ವಯಂಸೇವಕರೇ ನಡೆಸುವಂಥದ್ದು. ಹೆಸರು ಹೇಳುವುದಿಲ್ಲ, ಯಾರನ್ನೂ ಬೈಯಲು ಬಂದಿಲ್ಲ. ಅದರಲ್ಲಿ ಒಂದು ಬಗ್ ಇದೆ. ಎಕ್ಸೆಲ್‌ನಲ್ಲಿ 'ಸಿಎಸ್‌ವಿ ಯುಟಿಎಫ್-8' ಅಂತ ಸೇವ್ ಮಾಡಿದರೆ ಫೈಲಿನ ಶುರುವಿನಲ್ಲಿ ಬಿಒಎಂ ಅನ್ನುವ 3 ಬೈಟ್ ಸೇರಿಕೊಳ್ಳುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಈ ಲೈಬ್ರರಿ ಅದನ್ನು ತೆಗೆಯದೆ ಮೊದಲ ಕಾಲಂ ಹೆಸರಿಗೇ ಅಂಟಿಸಿಬಿಡುತ್ತದೆ. ಪರದೆ ಮೇಲೆ 'ಐಡಿ' ಅಂತಲೇ ಇರುತ್ತದೆ, ಕೋಡ್‌ನಲ್ಲಿ ಕೇಳಿದರೆ ಅಂಥ ಕಾಲಂ ಇಲ್ಲ ಅನ್ನುತ್ತದೆ. ಇದಕ್ಕೆ ತಲೆ ಕೆಡಿಸಿಕೊಂಡವನು ನಾನೊಬ್ಬನೇ ಅಲ್ಲ, ಪ್ರಾಜೆಕ್ಟ್ ಪುಟದಲ್ಲಿ ಇದರ ಬಗ್ಗೆ ಇರುವ ಇಶ್ಯೂ (ದೂರು) ಕೆಳಗೆ 'ನನಗೂ ಇದೇ ತೊಂದರೆ' ಅಂತ ಬರೆದವರು ಬೇಕಾದಷ್ಟಿದ್ದಾರೆ.

ನಾನು ದೂರು ಹೇಳಿ ಸುಮ್ನೆ ಕೂರಲಿಲ್ಲ. ಸರಿ ಮಾಡಿ, ಈ ತಿದ್ದುಪಡಿ ಸೇರಿಸಿಕೊಳ್ಳಿ ಅಂತ ಪುಲ್ ರಿಕ್ವೆಸ್ಟ್ ಕಳಿಸಿದೆ, ನಾಲ್ಕೇ ಸಾಲಿನ ಬದಲಾವಣೆ. ತಿಂಗಳುಗಳಾದವು. ಬೇಕು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ನಡುವೆ ಒಮ್ಮೆ ಬಾಟ್ (ತಾನೇ ಓಡುವ ಪ್ರೋಗ್ರಾಂ) ಬಂದು, ಚಟುವಟಿಕೆ ಇಲ್ಲದ್ದರಿಂದ ಇದನ್ನು ಮುಚ್ಚಲಾಗುವುದು ಅಂತ ಬರೆದು ಹೋಯಿತು. ಲೈಬ್ರರಿ ನೋಡಿಕೊಳ್ಳುವ ಮೇಂಟೇನರ್ ಬೇರೆ ಪ್ರಾಜೆಕ್ಟ್‌ಗೆ ಕೋಡ್ ಹಾಕುತ್ತಿರುವುದು ಮಾತ್ರ ಕಾಣುತ್ತದೆ. ಪುಕ್ಕಟೆ ಮಾಡುವ ಕೆಲಸ ಅಂತ ಗೊತ್ತು, ಗೌರವವೂ ಇದೆ. ಆದರೆ ಒಂದು ಸಾಲಿನ ಉತ್ತರ ಕೇಳುವುದೂ ತಪ್ಪಾ? ಬಳಸುವವರೆಲ್ಲ ಸೇರಿ ಹೊಸ ಮೇಂಟೇನರ್ ಬೇಕು ಅಂತ ಒತ್ತಾಯ ಮಾಡಬೇಕಾ? ಅಥವಾ ಫೋರ್ಕ್ ಮಾಡಿ, ಅಂದರೆ ಕೋಡ್ ನಕಲು ತೆಗೆದು ಬೇರೆಯಾಗಿ ನಡೆಸಿಬಿಡುವುದೇ ಒಳ್ಳೆಯದಾ?

ಹಳೇಕಡತ:

ಉತ್ತರ ಕೇಳುವುದು ಖಂಡಿತ ತಪ್ಪಲ್ಲ. ನಾನೂ ಒಂದು ಚಿಕ್ಕ ಲೈಬ್ರರಿ ನೋಡಿಕೊಳ್ಳುತ್ತೇನೆ, ಅದಕ್ಕೇ ಆ ಕಡೆಯಿಂದ ನಿಮ್ಮ ನಾಲ್ಕು ಸಾಲು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಮೊದಲ ಪ್ರಶ್ನೆ, ಬಿಒಎಂ ಎಲ್ಲಿ ತೆಗೆದಿದ್ದೀರಿ? ಪಾರ್ಸ್ ಆದ ಮೇಲೆ, ಅಂದರೆ ಫೈಲನ್ನು ಕಾಲಂಗಳಾಗಿ ಬಿಡಿಸಿದ ಮೇಲೆ, ಕಾಲಂ ಹೆಸರಿನಿಂದ ತೆಗೆದಿದ್ದರೆ ಅರ್ಧ ಮಾತ್ರ ಸರಿಯಾಗುತ್ತದೆ. ಮೊದಲ ಕಾಲಂ ಹೆಸರು ಡಬಲ್ ಕೋಟ್ ಒಳಗಿದ್ದು ಅದರಲ್ಲೊಂದು ಅಲ್ಪವಿರಾಮ ಇದ್ದರೆ ನೋಡಿ: ಕೋಟ್‌ಗಿಂತ ಮೊದಲು ಬಿಒಎಂ ಕೂತಿರುವುದರಿಂದ ಪಾರ್ಸರ್‌ಗೆ ಅದು ಕೋಟ್‌ನ ಆರಂಭ ಅಂತ ಗೊತ್ತಾಗುವುದಿಲ್ಲ, ಒಂದು ಕಾಲಂ ಎರಡಾಗಿ ಒಡೆಯುತ್ತದೆ, ಆಮೇಲೆ ಇಡೀ ಫೈಲ್ ಒಂದು ಮನೆ ಪಕ್ಕಕ್ಕೆ ಜರುಗುತ್ತದೆ. ಶುರುವಿನಲ್ಲೇ ತೆಗೆದಿದ್ದರೆ, ಫೈಲ್ ತುಂಡು ತುಂಡಾಗಿ ಬರುವ ಸ್ಟ್ರೀಮ್‌ನಲ್ಲಿ ಮೊದಲ ತುಂಡು ಒಂದೇ ಬೈಟ್ ಬಂದಾಗ ಏನಾಗುತ್ತದೆ? ಇನ್ನೊಂದು, ಎಷ್ಟೋ ಜನ ಇಷ್ಟರಲ್ಲಿ ಬಿಒಎಂ ಸಮೇತ ಇರುವ ಹೆಸರನ್ನೇ ತಮ್ಮ ಕೋಡ್‌ನಲ್ಲಿ ಬರೆದುಕೊಂಡಿರುತ್ತಾರೆ. ಮರ್ಜ್ ಮಾಡಿದ (ತಿದ್ದುಪಡಿಯನ್ನು ಮೂಲ ಕೋಡ್‌ಗೆ ಸೇರಿಸಿದ) ಮರುದಿನ ಅವರ ಕೋಡ್ ಒಡೆಯುತ್ತದೆ, ಅವರು ನಿಮ್ಮನ್ನು ಕೇಳುವುದಿಲ್ಲ, ಮೇಂಟೇನರನ್ನು ಕೇಳುತ್ತಾರೆ.

ಸಾಲು ಬರೆಯುವುದು ಸಣ್ಣ ಭಾಗ. ಇದನ್ನೆಲ್ಲ ಯೋಚಿಸಿ 'ಆಗಲಿ' ಅನ್ನುವುದಕ್ಕೆ ಹಳೆಯ ಕೋಡ್ ಪೂರ್ತಿ ಮತ್ತೆ ತಲೆಗೆ ಬರಬೇಕು. ಕೆಲಸ ಮುಗಿಸಿ ಬಂದ ರಾತ್ರಿ ಅದು ಆಗುವುದಿಲ್ಲ. ಬೇರೆ ಪ್ರಾಜೆಕ್ಟ್‌ನಲ್ಲಿ ಹೊಸ ಕೋಡ್ ಬರೆಯುವುದು ಆಗುತ್ತದೆ, ಅದು ಸಲೀಸು.

ನಿಮ್ಮ ಕೈಲಿ ಆಗುವುದು: ಈ ಮೂರೂ ಸಂದರ್ಭಕ್ಕೆ ಟೆಸ್ಟ್ ಬರೆಯಿರಿ. ಹಳೆಯ ಕೋಡ್‌ನಲ್ಲಿ ಫೇಲ್ ಆಗುವ ಟೆಸ್ಟ್ ಒಂದು ಕಮಿಟ್ (ದಾಖಲಿಸಿದ ಬದಲಾವಣೆ), ತಿದ್ದುಪಡಿ ಇನ್ನೊಂದು ಕಮಿಟ್. ಏನು ಬದಲಾಗುತ್ತದೆ, ಯಾರಿಗೆ ತೊಂದರೆಯಾಗಬಹುದು ಅಂತ ಮೇಲೆ ಎರಡು ಸಾಲು. ಆಮೇಲೆ ಅದೇ ಸರತಿಯಲ್ಲಿ ಕಾಯುತ್ತಿರುವ ಬೇರೆಯವರ ಒಂದೆರಡು ಪುಲ್ ರಿಕ್ವೆಸ್ಟ್ ಓಡಿಸಿ ನೋಡಿ, ಏನು ಕಂಡಿತು ಅಂತ ಬರೆಯಿರಿ. ಅಂಥವರ ಹೆಸರು ಮೇಂಟೇನರ್‌ಗಳಿಗೆ ನೆನಪಿರುತ್ತದೆ, ನನಗಂತೂ ಇರುತ್ತದೆ.

ಬೆಳಗುಜಾವ:

'ಎಲ್ಲರೂ ಸೇರಿ ಒತ್ತಾಯ' ಮಾತ್ರ ದಯವಿಟ್ಟು ಬೇಡ. ಎಕ್ಸ್‌ಜೆಡ್ ಯುಟಿಲ್ಸ್‌ನಲ್ಲಿ ಆಗಿದ್ದು ಇದೇ ಅಲ್ವಾ? ಹೆಚ್ಚೂಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುವ ಕಂಪ್ರೆಷನ್ ಸಾಫ್ಟ್‌ವೇರ್, ನೋಡಿಕೊಳ್ಳುತ್ತಿದ್ದವರು ಒಬ್ಬರೇ. 2022ರಲ್ಲಿ ಯಾರೂ ಕಂಡು ಕೇಳಿಲ್ಲದ ಹೆಸರುಗಳು ಮೇಲ್ ಮೇಲೆ ಮೇಲ್ ಹಾಕಿದವು: ಪ್ಯಾಚ್‌ಗಳು (ತಿದ್ದುಪಡಿಗಳು) ಹಾಗೇ ಬಿದ್ದಿವೆ, ನಿಮ್ಮಿಂದ ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ. ಆತ ತನ್ನ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅಂತ ಹೇಳಿಕೊಂಡರೂ ಬಿಡಲಿಲ್ಲ. ಕೊನೆಗೆ, ತುಂಬಾ ದಿನದಿಂದ ಸಹಾಯ ಮಾಡುತ್ತಿದ್ದ 'ಜಿಯಾ ಟ್ಯಾನ್' ಎಂಬ ಖಾತೆಗೆ ಅಧಿಕಾರ ಸಿಕ್ಕಿತು. 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಳನುಗ್ಗಲು ಬಿಡುವ ಹಿಂಬಾಗಿಲು ಕೂತಿತ್ತು. ದೂರದ ಸರ್ವರ್ ಒಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿ ಹುಡುಕಿದ್ದರಿಂದ ಆ ಮಾರ್ಚ್‌ನಲ್ಲಿ ಬಯಲಾಯಿತು. ಅವರು ಹುಡುಕದಿದ್ದರೆ ಅದು ಇನ್ನೂ ಎಷ್ಟೋ ಸರ್ವರ್‌ಗೆ ಹೋಗುತ್ತಿತ್ತು.

2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಕಥೆಯೂ ಹತ್ತಿರದ್ದೇ. ಮೂಲ ಲೇಖಕರು ಅದನ್ನು ಬಳಸುವುದನ್ನೇ ಬಿಟ್ಟಿದ್ದರು. ನಾನು ನೋಡಿಕೊಳ್ಳುತ್ತೇನೆ ಅಂದವರಿಗೆ ಕೊಟ್ಟರು. ಕೊಟ್ಟ ಮೇಲೆ ಬಿಟ್‌ಕಾಯಿನ್ ಕದಿಯುವ ಕೋಡ್ ಸೇರಿತು. ನಿಧಾನವಾಗಿ ನಡೆಯುವ ಪ್ರಾಜೆಕ್ಟ್‌ಗಿಂತ ಆತುರದಲ್ಲಿ ಕೈ ಬದಲಾದ ಪ್ರಾಜೆಕ್ಟ್ ಕಂಡರೆ ನನಗೆ ಜಾಸ್ತಿ ಭಯ.

ಮರ್ಜ್_ಬಾಕಿ:

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಭಾರವೆಲ್ಲ ಪ್ಯಾಚ್ ಕಳಿಸಿದವರ ಮೇಲೇ ಬೀಳುತ್ತಿದೆ. ನಿಧಾನ ಸಹಿಸಬಹುದು, ಮೌನ ಸಹಿಸಲಾಗುವುದಿಲ್ಲ. 'ಭದ್ರತೆಯ ತಿದ್ದುಪಡಿ ಮಾತ್ರ ನೋಡುತ್ತೇನೆ, ಉಳಿದದ್ದಕ್ಕೆ ಸಮಯವಿಲ್ಲ' ಅಂತ ಪ್ರಾಜೆಕ್ಟ್ ಪರಿಚಯಿಸುವ ರೀಡ್‌ಮಿಯಲ್ಲಿ ಒಮ್ಮೆ ಬರೆದಿಟ್ಟರೆ ಸಾಕು, ಜನ ತಮ್ಮ ದಾರಿ ನೋಡಿಕೊಳ್ಳುತ್ತಾರೆ. ಇನ್ನು ಆ ಮುಚ್ಚುವ ಬಾಟ್, ಅದನ್ನು ಕಿತ್ತು ಹಾಕಬೇಕು. ಮನುಷ್ಯರು ಒಮ್ಮೆಯೂ ನೋಡದ ಕೆಲಸವನ್ನು ಯಂತ್ರದಿಂದ ಮುಚ್ಚಿಸುವುದು ಅವಮಾನ.

ದುಡ್ಡಿನ ಮಾತೂ ಇದೆ. ಇಂಟರ್ನೆಟ್ ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಸಿಕ್ಕಾಗ ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಆ ತಪ್ಪು 2012ರ ಆವೃತ್ತಿಯಿಂದಲೇ ಒಳಗಿತ್ತು. ಇಂಟರ್ನೆಟ್‌ನ ಅಷ್ಟು ದೊಡ್ಡ ಪಾಲು ಅದರ ಮೇಲೆ ನಿಂತಿದ್ದರೂ ಓದಿ ನೋಡುವ ಕಣ್ಣು ಸಾಲಲಿಲ್ಲ. ನಿಮ್ಮ ಕಂಪನಿ ಈ ಲೈಬ್ರರಿಯಿಂದ ದುಡಿಯುತ್ತಿದ್ದರೆ ರಿವ್ಯೂ ಮಾಡಲು ನಿಮ್ಮ ಕೆಲಸದ ಹೊತ್ತಿನಲ್ಲೇ ಸಮಯ ಕೇಳಿ.

ಫೋರ್ಕ್ ಬಗ್ಗೆ: ನಿಮ್ಮ ಮಟ್ಟಿಗೆ ಒಂದು ಪ್ರತಿ ಇಟ್ಟುಕೊಂಡು ಒಂದು ಪ್ಯಾಚ್ ಹಾಕಿಕೊಳ್ಳುವುದು ಫೋರ್ಕ್ ಅಂತಲೂ ಅಲ್ಲ, ಇವತ್ತೇ ಮಾಡಿ. ಮೂಲದಲ್ಲಿ ಹೊಸ ಆವೃತ್ತಿ ಬಂದಾಗಲೆಲ್ಲ ನಿಮ್ಮ ಪ್ಯಾಚನ್ನು ಅದರ ಮೇಲೆ ಮತ್ತೆ ಕೂರಿಸಬೇಕು (ರೀಬೇಸ್), ಅಷ್ಟೇ. ಎಲ್ಲರಿಗೂ ಅಂತ ಬೇರೆ ಹೆಸರಿನಲ್ಲಿ ಬಿಡುವುದಾದರೆ ಮಾತು ಬೇರೆ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್‌ನ ಬೆಳವಣಿಗೆ ನಿಧಾನವಾಯಿತು ಅಂತ 2014ರ ಕೊನೆಯಲ್ಲಿ ಅದರ ಫೋರ್ಕ್ ಐಒ.ಜೆಎಸ್ ಹುಟ್ಟಿತು, 2015ರಲ್ಲಿ ಎರಡೂ ಮತ್ತೆ ಒಂದಾದವು. ಅದು ನಡೆದದ್ದು ಮುಖ್ಯ ಕೋಡ್ ಬರೆಯುತ್ತಿದ್ದವರೇ ಎದ್ದು ಹೋಗಿದ್ದರಿಂದ. ಒಬ್ಬರೇ ಫೋರ್ಕ್ ಮಾಡಿದರೆ ಮುಂದಿನ ವರ್ಷ ಉತ್ತರ ಕೊಡದ ಮೇಂಟೇನರ್ ನೀವೇ ಆಗಿರುತ್ತೀರಿ.

ಸಾಲುಕಂಬ:

ಎಲ್ಲರಿಗೂ ಥ್ಯಾಂಕ್ಸ್. ಎಕ್ಸ್‌ಜೆಡ್ ಸುದ್ದಿ ಓದಿದ್ದೆ, ಆದರೆ ಆ ಮೇಲ್‌ಗಳ ಭಾಗ ಗೊತ್ತಿರಲಿಲ್ಲ. ಒತ್ತಾಯದ ಮಾತು ಕೈಬಿಟ್ಟೆ. ಸದ್ಯಕ್ಕೆ ನಮ್ಮಲ್ಲಿ ಪ್ಯಾಚ್ ಹಾಕಿದ ಪ್ರತಿ ಬಳಸುತ್ತೇವೆ. ಬಾಟ್ ವಿಷಯ ಪ್ರತ್ಯೇಕ ಇಶ್ಯೂ ಮಾಡಿ ಮರ್ಯಾದೆಯಿಂದಲೇ ಕೇಳುತ್ತೇನೆ, ಅದರ ಬಗ್ಗೆ ನನ್ನ ಸಿಟ್ಟು ಇಳಿದಿಲ್ಲ. ಹಳೇಕಡತ ಅವರೇ, ನನ್ನ ತಿದ್ದುಪಡಿ ಫೈಲಿನ ಶುರುವಿನಲ್ಲೇ ತೆಗೆಯುತ್ತದೆ, ಹಾಗಾಗಿ ಕೋಟ್ ಸಮಸ್ಯೆ ಬರುವುದಿಲ್ಲ. ತುಂಡು ತುಂಡಾಗಿ ಬರುವ ಸ್ಟ್ರೀಮ್‌ಗೆ ಟೆಸ್ಟ್ ಇಲ್ಲ. ಅದನ್ನು ಹೇಗೆ ಬರೆಯುವುದು? ಎಕ್ಸೆಲ್ ಫೈಲ್ ಒಂದನ್ನು ರೆಪೊಸಿಟರಿಗೆ (ಪ್ರಾಜೆಕ್ಟ್‌ನ ಕೋಡ್ ಸಂಗ್ರಹಕ್ಕೆ) ಸೇರಿಸಬೇಕಾ?

ಹಳೇಕಡತ:

ಫೈಲ್ ಬೇಡ, ಎಡಿಟರ್‌ನಲ್ಲಿ ತೆರೆದು ಸೇವ್ ಮಾಡಿದವರು ಗೊತ್ತಿಲ್ಲದೆ ಬಿಒಎಂ ಅಳಿಸಿಬಿಡುತ್ತಾರೆ. ಟೆಸ್ಟ್ ಒಳಗೇ ಬೈಟ್‌ಗಳನ್ನು ಬರೆಯಿರಿ: ಬಿಒಎಂನ ಮೂರು ಬೈಟ್ ಇಎಫ್, ಬಿಬಿ, ಬಿಎಫ್, ಆಮೇಲೆ ಎರಡು ಸಾಲು ಸಿಎಸ್‌ವಿ. ಅದನ್ನು ಒಂದೊಂದೇ ಬೈಟ್‌ನಂತೆ ಪಾರ್ಸರ್‌ಗೆ ಕೊಡಿ. ಬರೀ ಇಎಫ್ ಒಂದೇ ಬಂದು ಫೈಲ್ ಮುಗಿದುಹೋದರೆ ಏನಾಗಬೇಕು ಅನ್ನುವುದನ್ನೂ ಸೇರಿಸಿ. ಆದ ಮೇಲೆ ಇಲ್ಲಿ ಲಿಂಕ್ ಹಾಕಿ, ನಾನು ಓಡಿಸಿ ನೋಡಿ ಕಂಡದ್ದನ್ನು ಅಲ್ಲೇ ಬರೆಯುತ್ತೇನೆ.