ಪದಚರ್ಚೆ: ‘ಡೈಪೋಲ್ ಮೊಮೆಂಟ್’ಗೆ ಮಹತ್ವವೋ, ಭ್ರಾಮಕವೋ? (ಫಲಕ ನಾಳೆ ಅಚ್ಚಿಗೆ)

ಪೀಟರ್ ಡಿಬೈ ಕುರಿತ ಫಲಕದ ಅನುವಾದ ನಡೆದಿದೆ. 1884ರಲ್ಲಿ ಮಾಸ್ಟ್ರಿಕ್ಟ್‌ನಲ್ಲಿ ಹುಟ್ಟು, 1936ರ ರಸಾಯನವಿಜ್ಞಾನ ನೊಬೆಲ್, ಇವೆಲ್ಲ ಸಲೀಸು. ಸಿಕ್ಕಿಕೊಂಡಿರುವುದು ‘ಡೈಪೋಲ್ ಮೊಮೆಂಟ್’ನಲ್ಲಿ, ಅಂದರೆ ಅಣುವಿನಲ್ಲಿ ಧನ, ಋಣ ಆವೇಶಗಳು ಎಷ್ಟು ಬೇರ್ಪಟ್ಟಿವೆ ಅನ್ನುವ ಅಳತೆಯಲ್ಲಿ: ‘ನೀರಿನ ದ್ವಿಧ್ರುವ ಮಹತ್ವ 1.85 ಡಿಬೈ.’ ಓದಿದವರು ನೀರಿನ ಹಿರಿಮೆ ಅಂದುಕೊಂಡಾರು. ‘ದ್ವಿಧ್ರುವ ಭ್ರಾಮಕ’ ಹಾಕಲೇ? ಒಂದು ಡಿಬೈ ಅಂದರೆ 3.336 × 10⁻³⁰ ಕೂಲಂಬ್ ಪ್ರತಿ ಮೀಟರ್ ಎಂಬ ಅಡಿಟಿಪ್ಪಣಿಯೂ ಇದೆ. ಸಂಜೆಯೊಳಗೆ ಬೇಕು.

ಉತ್ತರ 1
ಮೊದಲು ಆ ‘ಪ್ರತಿ’ ಕಿತ್ತುಹಾಕಿ. ಕೂಲಂಬ್-ಮೀಟರ್, ಆವೇಶವನ್ನು ದೂರದಿಂದ ಗುಣಿಸಿ ಬಂದದ್ದು. ಎಲೆಕ್ಟ್ರಾನಿನಷ್ಟು ಋಣ ಆವೇಶ, ಅಷ್ಟೇ ಧನ ಆವೇಶ ಒಂದು ಆಂಗ್‌ಸ್ಟ್ರಾಮ್ (10⁻¹⁰ ಮೀಟರ್) ಅಂತರದಲ್ಲಿದ್ದರೆ 4.8 ಡಿಬೈ. ಅಡಿಟಿಪ್ಪಣಿಗೆ ಇದೇ ವಾಸಿ.

ಮಹತ್ವ ಬೇಡ. ಲ್ಯಾಟಿನ್ನಿನ ‘ಮೊಮೆಂಟಮ್’ಗೆ ಚಲನೆ, ಕ್ಷಣ, ಪ್ರಾಮುಖ್ಯ ಮೂರೂ ಅರ್ಥ. ನಮ್ಮವರು ಮೂರನೆಯದಕ್ಕೆ ಜೋತುಬಿದ್ದರು. ಭ್ರಾಮಕವೇ ಸರಿ: ವಿದ್ಯುತ್ ಕ್ಷೇತ್ರದಲ್ಲಿ ಅಣು ಎಷ್ಟು ಬಲದಿಂದ ಹೊರಳುತ್ತದೆ ಅನ್ನುವುದು ಇದರ ಮೇಲೆಯೇ ನಿಂತಿದೆ.

ಉತ್ತರ 2
> ಭ್ರಾಮಕವೇ ಸರಿ

ಭ್ರಮೆ ಹಿಡಿಸುವಂಥದ್ದು ಅಂತ ಓದಿಕೊಳ್ಳುತ್ತಾರೆ. ‘ಇಮ್ಮೊನೆ ತಿರುಪು’ ಅನ್ನಿ. ಇಮ್ಮಡಿ, ಇಬ್ಬದಿ ಬಲ್ಲವರಿಗೆ ಇಮ್ಮೊನೆಯನ್ನು ಬಿಡಿಸಿ ಹೇಳಬೇಕಿಲ್ಲ. ಧ್ರುವ ಅಂದರೆ ಅಲುಗದ್ದು; ಡಿಬೈ 1912ರಲ್ಲಿ ಆಡಿದ್ದು ಹೊರಳುವ ಅಣುವಿನ ಮಾತು.

ಉತ್ತರ 1
ಉತ್ತರ ಧ್ರುವ ‘ಬಡಗಣ ಮೊನೆ’ಯೋ? ತಿರುಪು ಅಂದರೆ ಸ್ಕ್ರೂ. ಸಾಕು.

ಉತ್ತರ 3
ಇಬ್ಬರದೂ ಒಂದೇ ಎಡವಟ್ಟು: ಭ್ರಾಮಕ, ತಿರುಪು ಎರಡಕ್ಕೂ ತಿರುಗಿಸುವುದೇ ಅರ್ಥ. ಕ್ಷೇತ್ರ ತೆಗೆದರೆ ತಿರುಗಿಸುವ ಬಲ ಸೊನ್ನೆ, ನೀರಿನ 1.85 ಹಾಗೇ ಉಳಿಯುತ್ತದೆ. ‘ಡೈಪೋಲ್ ಮೊಮೆಂಟ್’ ಅಂತಲೇ ಬರೆಯಿರಿ.

ಇದಕ್ಕಿಂತ ದೊಡ್ಡ ಗುಂಡಿ ಮುಂದಿದೆ. ಅಳೆಯುವ ವಿಧಾನ ಫಲಕದಲ್ಲಿದ್ದರೆ ಧ್ರುವೀಯತೆ (ಅಣುವಿಗೇ ಧನ, ಋಣ ತುದಿಗಳಿರುವುದು), ಧ್ರುವೀಕರಣ (ಕ್ಷೇತ್ರಕ್ಕೆ ಸಿಕ್ಕಿ ಆವೇಶಗಳು ಸರಿಯುವುದು, ಅಣುಗಳು ಹೊರಳುವುದು), ಧ್ರುವೀಕರಣಶೀಲತೆ (ಅಣುವಿನೊಳಗಿನ ಆವೇಶಗಳು ಎಷ್ಟು ಸುಲಭವಾಗಿ ಸರಿಯುತ್ತವೆ ಅನ್ನುವುದು) ಮೂರನ್ನೂ ‘ಧ್ರುವತೆ’ ಅಂದುಬಿಡಬೇಡಿ. ಧಾರಕ (ಕೆಪಾಸಿಟರ್) ಖಾಲಿ ಇದ್ದಾಗ ಒಮ್ಮೆ, ಅನಿಲ ತುಂಬಿ ಒಮ್ಮೆ ಧಾರಕತೆ, ಅಂದರೆ ಅದು ಆವೇಶ ಹಿಡಿದಿಡುವ ಶಕ್ತಿ, ಅಳೆಯುತ್ತಾರೆ. ಅನುಪಾತವೇ ಡೈಎಲೆಕ್ಟ್ರಿಕ್ ಸ್ಥಿರಾಂಕ. ಅದರಿಂದ, ಸಾಂದ್ರತೆಯನ್ನೂ ಸೇರಿಸಿ, ಮೋಲಾರ್ ಧ್ರುವೀಕರಣ (ಒಂದು ಮೋಲ್‌ ಲೆಕ್ಕದ್ದು). ಹಲವು ಉಷ್ಣತೆಗಳಲ್ಲಿ ಹೀಗೆ ಮಾಡಿ, ಕೆಲ್ವಿನ್ ಉಷ್ಣತೆಯ ವ್ಯುತ್ಕ್ರಮದ ಎದುರು ಗೆರೆ ಎಳೆದರೆ, ಇಳಿಜಾರಿನಿಂದ ಡೈಪೋಲ್ ಮೊಮೆಂಟು, ಅಕ್ಷವನ್ನು ಕಡಿಯುವಲ್ಲಿಂದ ಧ್ರುವೀಕರಣಶೀಲತೆ. ಕಾರ್ಬನ್ ಡೈಆಕ್ಸೈಡಿನ ಗೆರೆ ಮಟ್ಟಸ, ಅಂದರೆ ಮೊಮೆಂಟ್ ಸೊನ್ನೆ: ಅಣು ನೇರ. ನೀರಿನ ಅಣು ಬಾಗಿದೆ. ಸೆಲ್ಸಿಯಸ್ ಹಾಕಿದರೆ ಎಲ್ಲ ಕೆಟ್ಟಿತು. ಬೆಂಜೀನ್ ದ್ರಾವಣದಲ್ಲಿ ಅಳೆದರೆ ಬೆಂಜೀನ್ ಒಣಗಿರಲೇಬೇಕು: ಅದರ ಸ್ಥಿರಾಂಕ 2.3, ನೀರಿನದು 80ರ ಹತ್ತಿರ, ತುಸು ಪಸೆಯಿದ್ದರೂ ಉತ್ತರ ತಪ್ಪುತ್ತದೆ.

ಉತ್ತರ 2
ಎಲ್ಲವನ್ನೂ ಎರವಲು ತಂದರೆ ಕನ್ನಡದ್ದು ಅಂತ ಉಳಿಯುವುದು ವಿಭಕ್ತಿ ಮಾತ್ರ.

ಉತ್ತರ 3
ಕೂಲಂಬ್, ಮೀಟರ್, ಡಿಬೈ ಒಳಗೆ ಬಂದಾಗ ಎಲ್ಲಿದ್ದಿರಿ?

ಉತ್ತರ 2
ಅವು ಮಾನಗಳ ಹೆಸರು. ಇದು ಪರಿಕಲ್ಪನೆ. ವ್ಯತ್ಯಾಸ ಕಾಣದವರ ಜೊತೆ ವಾದವಿಲ್ಲ.

ಕೇಳಿದವರು
ಮೊದಲ ಸಲ ‘ದ್ವಿಧ್ರುವ ಭ್ರಾಮಕ’, ಆಮೇಲೆಲ್ಲ ‘ಡೈಪೋಲ್ ಮೊಮೆಂಟ್’ ಹಾಕಿದೆ. ‘ಪ್ರತಿ’ ತೆಗೆದಾಯಿತು. ಡಿಬೈಯೋ, ಡೆಬಾಯೋ?

ಉತ್ತರ 1
ಡಚ್ಚಿನಲ್ಲಿ ‘ಡೆಬೈ’ಗೆ ಹತ್ತಿರ. ಡಿಬೈ ಇರಲಿ, ಮಾನದ ಹೆಸರಿಗೂ ಅದೇ ಬರೆದಿದ್ದೀರಿ.