ನೂರೆಪ್ಪತ್ತು ಕುಂಡ, ಒಂದು ಕಿಟಕಿ

ದಸರಾಕ್ಕೆ ಇನ್ನೂ ವಾರವಿರುವಾಗಲೇ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹೊಗೆ ಎದ್ದಿತು. ಹಚ್ಚಿದವರು ಪದ್ಮತ್ತೆ.

ಜಂಬೂಸವಾರಿಯ ದಿನ ನೆಂಟರೆಲ್ಲ ಸೇರುವುದು ಮೈಸೂರಿನ ಮಂಡಿ ಮೊಹಲ್ಲಾದ ಸುಮಾ ಅತ್ತಿಗೆಯ ಮನೆಯಲ್ಲಿ. ಸಯ್ಯಾಜಿರಾವ್ ರಸ್ತೆಗೆ ನಡೆದು ಹೋಗಬಹುದು, ಆನೆ ನೋಡಿ ಬಂದು ಅಲ್ಲೇ ಊಟ, ಅಲ್ಲೇ ನಿದ್ದೆ. ಹಾಲ್ ತುಂಬಾ ಹಾಸಿಗೆ. ಹೋದ ವರ್ಷ ಪದ್ಮತ್ತೆ ಮಧ್ಯರಾತ್ರಿ "ಉಸಿರು ಕಟ್ಟುತ್ತಿದೆ" ಎಂದು ಎದ್ದು ಹೋಗಿ ಜಗಲಿಯ ಮೇಲೆ ಕೂತಿದ್ದರು. ಅದನ್ನು ಯಾರೂ ಮರೆತಿಲ್ಲ. ಅತ್ತಿಗೆಯಂತೂ ಮರೆತೇ ಇಲ್ಲ. ಹಾಗಾಗಿ ಈ ಫಾರ್ವರ್ಡ್ ಯಾರನ್ನು ಕುರಿತದ್ದು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಪದ್ಮತ್ತೆ: "ಹಬ್ಬಕ್ಕೆ ನೆಂಟರನ್ನು ಕರೆಯುವವರು ತಪ್ಪದೆ ಓದಿ!! ಹಾಲ್‌ನಲ್ಲಿ ಎರಡು ಸ್ನೇಕ್ ಪ್ಲಾಂಟ್ ಇಟ್ಟರೆ ಹತ್ತು ಜನರಿಗೆ ಸಾಕಾಗುವಷ್ಟು ಆಮ್ಲಜನಕ. ನಾಸಾ ಹೇಳಿದೆ. ಸಂಜೆ ಕರ್ಪೂರ ಹಚ್ಚಿದರೆ ಗಾಳಿ ಪೂರ್ತಿ ಶುದ್ಧ. ಹತ್ತು ಜನರಿಗೆ ಕಳಿಸಿ." 🙏

ರಘು: ಮೂಲ ಎಲ್ಲಿ ಅತ್ತೆ?

ಪದ್ಮತ್ತೆ: ನಾಸಾ ಅಂತ ಅದರಲ್ಲೇ ಇದೆಯಲ್ಲಪ್ಪ.

ರಘು ಬೆಂಗಳೂರಿನಲ್ಲಿ ಎಂಜಿನಿಯರ್. ಅವನಿಗೆ ಇಷ್ಟು ಸಾಕು.

ರಘು: ನಾಸಾ ಅಧ್ಯಯನ 1989ರದ್ದು. ಸಣ್ಣ ಪೆಟ್ಟಿಗೆಯಂಥ ಕೋಣೆಗಳಲ್ಲಿ ಗಿಡ ಇಟ್ಟು, ಗಾಳಿಯಾಡದಂತೆ ಮುಚ್ಚಿ, ಬೆಂಜೀನ್, ಫಾರ್ಮಾಲ್ಡಿಹೈಡ್ ಥರದ ರಾಸಾಯನಿಕ ಎಷ್ಟು ಇಳಿಯುತ್ತದೆ ಎಂದು ನೋಡಿದ್ದು. ಆಮ್ಲಜನಕದ ಮಾತೇ ಅಲ್ಲ. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದ್ದಾರೆ. ಮನೆಯಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವ ಕೆಲಸವನ್ನು ಗಿಡ ಮಾಡಬೇಕಾದರೆ ಒಂದು ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕು. ಅತ್ತಿಗೆ ಮನೆ ಹಾಲ್ 12ಕ್ಕೆ 15 ಅಡಿ, ಸುಮಾರು 17 ಚದರ ಮೀಟರ್. ಕಮ್ಮಿ ಅಂದರೂ 170 ಕುಂಡ.

ಶಶಿ: 170 ಕುಂಡ ಇಟ್ಟ ಮೇಲೆ ನಾವೆಲ್ಲಿ ಮಲಗುವುದು? ಕುಂಡದೊಳಗಾ?

ದೊಡ್ಡಪ್ಪ: ದೊಡ್ಡವರು ಒಳ್ಳೆಯ ಮನಸ್ಸಿನಿಂದ ಕಳಿಸಿದ್ದನ್ನು ಹೀಗೆ ಗೇಲಿ ಮಾಡಬಾರದು. ಆದರೆ ಪದ್ಮಾ, ಗಿಡ ರಾತ್ರಿ ಉಸಿರಾಡುತ್ತದೆ. ಹುಣಸೆ ಮರದ ಕೆಳಗೆ ಮಲಗಬೇಡಿ ಎಂದು ಹಿಂದಿನವರು ಸುಮ್ನೆ ಹೇಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಇದನ್ನೇ ಪಾಠ ಹೇಳಿದ್ದೇನೆ.

ದೊಡ್ಡಪ್ಪ ಹೈಸ್ಕೂಲ್ ಮೇಷ್ಟರಾಗಿದ್ದವರು. ಗುಂಪಿನಲ್ಲಿ ಯಾರ ಪರ ಮಾತು ಶುರು ಮಾಡಿದರೂ ಕೊನೆಗೆ ಅವರ ತಪ್ಪನ್ನೇ ತಿದ್ದುತ್ತಾರೆ.

ಸುಮಾ ಅತ್ತಿಗೆ: ನಮ್ಮ ಮನೆ ಗಾಳಿ ಸರಿಯಿಲ್ಲ ಎಂದು ನೇರವಾಗಿ ಹೇಳಿಬಿಡಿ ಅತ್ತೆ. ಫಾರ್ವರ್ಡ್ ಯಾಕೆ?

ಪದ್ಮತ್ತೆ: ಅಯ್ಯೋ, ನಾನು ಯಾರಿಗೂ ಹೇಳಿದ್ದಲ್ಲಮ್ಮ. ಸುಮ್ನೆ ಹಾಕಿದೆ.

ಸುಮಾ ಅತ್ತಿಗೆ: ಹೋದ ವರ್ಷ ಹಾಲ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ವಾಸನೆ ಬರುತ್ತಿದ್ದದ್ದು ಒಂದು ರೇಷ್ಮೆ ಸೀರೆಯ ನಾಫ್ತಲಿನ್ ಗುಳಿಗೆಯದು. ಯಾರ ಸೀರೆ ಎಂದು ನಾನೂ ಹೇಳುವುದಿಲ್ಲ.

ಇದಾದ ಮೇಲೆ ಯಾರೋ ಟೈಪ್ ಮಾಡುತ್ತಿದ್ದಾರೆ ಎಂದು ಬಹಳ ಹೊತ್ತು ತೋರಿಸಿತು. ಏನೂ ಬರಲಿಲ್ಲ. ಆಮೇಲೆ ಬಂದದ್ದು ಪದ್ಮತ್ತೆಯ ಮೊಮ್ಮಗಳು ಕಾವ್ಯ. ಮಾನಸಗಂಗೋತ್ರಿಯಲ್ಲಿ ಪರಿಸರ ವಿಜ್ಞಾನ ಓದುತ್ತಿದ್ದಾಳೆ.

ಕಾವ್ಯ: ಅಜ್ಜಿ, ಅವತ್ತು ನಿಮಗೆ ಆದದ್ದು ಆಮ್ಲಜನಕ ಕಮ್ಮಿಯಾಗಿ ಅಲ್ಲ. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ 420ರ ಆಸುಪಾಸು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅಷ್ಟು ಸಣ್ಣ ಹಾಲ್‌ನಲ್ಲಿ ಕಿಟಕಿ ಮುಚ್ಚಿ ಹತ್ತು ಜನ ಮಲಗಿದರೆ ಬೆಳಗಾಗುವುದರೊಳಗೆ 2000 ದಾಟುವುದು ಏನೂ ಕಷ್ಟವಲ್ಲ. ಜೊತೆಗೆ ಸೆಖೆ, ಬೆವರು. ತಲೆ ಭಾರವಾಗುವುದು ಅದಕ್ಕೇ. ದೊಡ್ಡ ತಾತ ಹೇಳಿದ್ದು ಎಷ್ಟೋ ಗಿಡಗಳಿಗೆ ಸರಿ, ಸ್ನೇಕ್ ಪ್ಲಾಂಟ್ ಮಾತ್ರ ಉಲ್ಟಾ. ಅದು ರಾತ್ರಿ ಇಂಗಾಲದ ಡೈಆಕ್ಸೈಡ್ ಒಳಗೆ ಎಳೆದುಕೊಳ್ಳುತ್ತದೆ, ಆದರೆ ಹತ್ತು ಜನರ ಉಸಿರಿಗೆ ಅದು ಯಾವ ಲೆಕ್ಕಕ್ಕೂ ಇಲ್ಲ. ಎಸಿ ಹಾಕಿದರೂ ಅಷ್ಟೆ. ಸ್ಪ್ಲಿಟ್ ಎಸಿ ಇದ್ದ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಪ್ಯೂರಿಫೈಯರ್ ಧೂಳು, ಹೊಗೆ ಹಿಡಿಯುತ್ತದೆ, ನಮ್ಮ ಉಸಿರನ್ನಲ್ಲ. ಬೀದಿ ಕಡೆ ಒಂದು ಕಿಟಕಿ, ಹಿತ್ತಲ ಕಡೆ ಒಂದು, ಎರಡೂ ಸ್ವಲ್ಪ ಸ್ವಲ್ಪ ತೆರೆದಿಟ್ಟರೆ ಸಾಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಒಲೆ ಹಚ್ಚುವ ಮೊದಲೇ ಹಾಕಿ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಓಡಲಿ. ಒಗ್ಗರಣೆ ಹೊಗೆ ಅಷ್ಟಾಗಿ ಹಾಲ್‌ಗೆ ಬರುವುದಿಲ್ಲ. ಕರ್ಪೂರ, ಧೂಪ, ಊದುಬತ್ತಿ ಗಾಳಿಗೆ ಹೊಗೆ ಸೇರಿಸುತ್ತವೆ, ಕಳೆಯುವುದಿಲ್ಲ.

ಇಡೀ ಜಗಳದಲ್ಲಿ ಕೆಲಸಕ್ಕೆ ಬರುವ ಮಾತು ಇದೊಂದೇ. ಇದಕ್ಕೆ ಸಿಕ್ಕಿದ್ದು ಒಂದು ಹೆಬ್ಬೆಟ್ಟು, ಅದೂ ಅವಳ ಅಮ್ಮನದು. ಉಳಿದವರು ಕೊನೆಯ ಸಾಲು ಮಾತ್ರ ಓದಿದರು.

ದೊಡ್ಡಪ್ಪ: ದೇವರ ಮುಂದೆ ದೀಪ ಧೂಪ ಬೇಡ ಎನ್ನುವ ಕಾಲ ಬಂತು. ಮೈಸೂರು ಊದುಬತ್ತಿಗೆ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು ಇದೆ, ಗೊತ್ತಾ?

ರಘು: ಜಿಐ ಟ್ಯಾಗ್ ಕೊಟ್ಟಿದ್ದು ಊರಿನ ಹೆಸರಿಗೆ ದೊಡ್ಡಪ್ಪ, ಶ್ವಾಸಕೋಶಕ್ಕಲ್ಲ.

ಕಾವ್ಯ: ಬೇಡ ಎಂದಿಲ್ಲ ತಾತ. ಹಚ್ಚುವಾಗ ಕಿಟಕಿ ತೆಗೆಯಿರಿ ಎಂದೆ.

ಶಶಿ: ಇದೆಲ್ಲ ಯಾಕೆ? ಪಾಂಡವಪುರದ ಹತ್ತಿರ ನಮ್ಮ ಹಳೇ ತೊಟ್ಟಿಮನೆ ನೆನಪಿದೆಯಾ? ಬಿಸಿ ಗಾಳಿ ತೊಟ್ಟಿಯಿಂದ ಮೇಲೆ ಹೋಗುತ್ತಿತ್ತು, ಜಗಲಿ ಬಾಗಿಲಿಂದ ತಣ್ಣಗಿನ ಗಾಳಿ ಬರುತ್ತಿತ್ತು. ಗವಾಕ್ಷಿ ಬೇರೆ. ಇಪ್ಪತ್ತು ಜನ ಮಲಗಿದರೂ ಯಾರಿಗೂ ಉಸಿರು ಕಟ್ಟುತ್ತಿರಲಿಲ್ಲ. ಅಜ್ಜಿ ಬೆಳಿಗ್ಗೆ ರಾಗಿ ಬೀಸುವ ಸದ್ದಿಗೆ ಎಚ್ಚರವಾಗುತ್ತಿತ್ತು.

ಪದ್ಮತ್ತೆ: ಆ ತೊಟ್ಟಿಗೆ ಶೀಟ್ ಹಾಕಿಸಿ ಮುಚ್ಚಿದ್ದು ನಿಮ್ಮಪ್ಪನೇ ಅಲ್ವಾ?

ಶಶಿ: ಕೋತಿ ಬರುತ್ತಿತ್ತು ಅತ್ತೆ. ಅಷ್ಟಕ್ಕೂ ಆ ಮನೆ ಮಾರಿದ್ದು ಯಾರು, ಯಾರ ಆತುರಕ್ಕೆ ಎಂದು ನಾನೂ ಕೇಳಬಹುದು.

ದೊಡ್ಡಪ್ಪ: ಆ ವಿಷಯ ಇಲ್ಲಿ ಬೇಡ.

ಬೇಡ ಎಂದ ಮೇಲೆ ಅದೇ ನಡೆಯಿತು. ಪಾಲು, ಪತ್ರ, ಹಿತ್ತಾಳೆ ಹಂಡೆ ಯಾರ ಮನೆಯಲ್ಲಿದೆ ಎಂಬುದು. ಅಷ್ಟನ್ನೂ ಇಲ್ಲಿ ಬರೆದರೆ ಮುಂದಿನ ಹಬ್ಬಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ. ಅಡ್ಮಿನ್ ನಾನೇ ಆದ್ದರಿಂದ ಒಂದಿಷ್ಟು ಅಳಿಸಿದೆ. ಯಾಕೆ ಅಳಿಸಿದೆ ಎಂದು ಅದಕ್ಕೂ ಬೈಗುಳ ಬಂತು.

ಸುಮಾ ಅತ್ತಿಗೆ: ಒಂದು ಮಾತು ಹೇಳಿ ಮುಗಿಸುತ್ತೇನೆ. ಹೋದ ವರ್ಷ ಕಿಟಕಿ ನಾನು ತೆರೆದೇ ಇಟ್ಟಿದ್ದೆ. ರಾತ್ರಿ ಎದ್ದು ಮುಚ್ಚಿದ್ದು ಯಾರು?

ರಘು: ನಾನಲ್ಲ.

ಶಶಿ: ನಾನು ನಿದ್ದೆಯಲ್ಲಿದ್ದೆ.

ದೊಡ್ಡಪ್ಪ: ಸೊಳ್ಳೆ ಬರುತ್ತಿತ್ತು. ಗಾಳಿ ಎದೆಗೆ ಹೊಡೆದರೆ ಶೀತವಾಗುತ್ತದೆ. ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಮುಚ್ಚಿದೆ.

ಪದ್ಮತ್ತೆ: ಹಾಗಾದರೆ ಇಷ್ಟು ದಿನ ಸುಮಾ ಮೇಲೆ ಸುಮ್ನೆ ಅಂದುಕೊಂಡೆನಲ್ಲ ಅಣ್ಣ!

ಸುಮಾ ಅತ್ತಿಗೆ: ಅಂದುಕೊಂಡಿದ್ದಿರಿ ಎಂದು ಈಗ ಒಪ್ಪಿಕೊಂಡಿರಿ.

ಕಾವ್ಯ: ಸುಮಾ ಅತ್ತೆ, ಎರಡೂ ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿದರೆ ಯಾರೂ ಮುಚ್ಚುವುದಿಲ್ಲ. ಕಾಯಿಲ್ ಹಚ್ಚುವುದೂ ತಪ್ಪುತ್ತದೆ, ಅದರ ಹೊಗೆಯೂ ಒಳ್ಳೆಯದಲ್ಲ.

ಸುಮಾ ಅತ್ತಿಗೆ: ನಾಳೆಯೇ ಹಾಕಿಸುತ್ತೇನೆ. ದುಡ್ಡು ಎಲ್ಲರೂ ಹಂಚಿಕೊಳ್ಳಿ. ಗಾಳಿ ಎಲ್ಲರದ್ದೂ ಅಲ್ವಾ?

ಶಶಿ: ನನ್ನ ಪಾಲು ಈಗಲೇ ಕಳಿಸುತ್ತೇನೆ ಅತ್ತಿಗೆ. ಕಿಟಕಿ ಪಕ್ಕದ ಹಾಸಿಗೆ ನನಗೆ.

ರಘು: ಅದನ್ನು ನಾನು ಆಗಲೇ ಕೇಳಿಯಾಗಿದೆ.

ಶಶಿ: ಯಾವಾಗ? ಮೂಲ ಎಲ್ಲಿ?

ದೊಡ್ಡಪ್ಪ: ಇಬ್ಬರೂ ಸುಮ್ಮನಿರಿ. ಕಿಟಕಿ ಪಕ್ಕ ನಾನು ಮಲಗುತ್ತೇನೆ. ತೆರೆಯಬೇಕೋ ಮುಚ್ಚಬೇಕೋ ನಾನೇ ನೋಡಿಕೊಳ್ಳುತ್ತೇನೆ.